ಉಪವಾಸ, ಯಕೃತ್ತು ಮತ್ತು ಗಾಜಿನ ಫಲಕ

ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸವನ್ನು ಆಚರಿಸುವ ಮನೆಗಳಲ್ಲಿ ಒಂದು ಪ್ರಶ್ನೆ ಆಗಾಗ ಕೇಳಿಬರುವುದುಂಟು. ಧಾರಣೆಯ ದಿನದ ಏಕಭುಕ್ತದ ಅನಂತರ ಪಾರಣೆಯ ದಿನದ ಊಟದವರೆಗೆ, ಅಂದರೆ ಹದಿನಾರು ಪ್ರಹರಗಳ ಕಾಲ, ಚತುರ್ವಿಧಾಹಾರವನ್ನು ತ್ಯಜಿಸಿದ ಶರೀರವು ಯಾವುದನ್ನು ಆಶ್ರಯಿಸಿ ನಡೆಯುತ್ತದೆ? ಆತ್ಮಬಲದ ಮಾತು ಬೇರೆ. ಅದನ್ನು ನನಗಿಂತ ಅರ್ಹರಾದವರು ಈ ಪುಟಗಳಲ್ಲಿ ವಿವೇಚಿಸುತ್ತಾರೆ. ನಾನು ಹೇಳಹೊರಟಿರುವುದು ಪುದ್ಗಲದ ಮಾತು ಮಾತ್ರ. ಮಂಗಳೂರಿನ ಒಂದು ಪ್ರಯೋಗಾಲಯದ ಅಂಗಾಂಶ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿ, ಈಗ ಕುಂಬ್ರದಲ್ಲಿ ಅಡಿಕೆ ತೋಟ ನೋಡಿಕೊಂಡಿರುವವನಾದ ಪ್ರಯುಕ್ತ, ಆ ಪ್ರಶ್ನೆಯ ಒಂದು ಅಂಶಕ್ಕೆ ನನ್ನ ಕಸಬಿನಿಂದ ಉತ್ತರ ಕೊಡಬಲ್ಲೆನೆಂದು ತೋರಿತು.

ಉಂಡ ಅನ್ನದ ಸಕ್ಕರೆಯಲ್ಲಿ ಒಂದು ಭಾಗವನ್ನು ಶರೀರವು ಕೂಡಲೇ ವ್ಯಯಿಸದೆ ಕೂಡಿಡುತ್ತದೆ. ನಮ್ಮ ಹಿರಿಯರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಅಟ್ಟದ ಮೇಲೆ ಇರಿಸುತ್ತಿದ್ದಂತೆ, ಯಕೃತ್ತು ಸಕ್ಕರೆಯ ಕಣಗಳನ್ನು ಒಂದಕ್ಕೊಂದು ಪೋಣಿಸಿ, ಕವಲೊಡೆದ ಮುಡಿಗಳನ್ನಾಗಿ ಕಟ್ಟಿಡುತ್ತದೆ. ಈ ಮುಡಿಗೆ ಗ್ಲೈಕೋಜನ್ ಎಂದು ಹೆಸರು; ಪ್ರಾಣಿಪಿಷ್ಟವೆಂದೂ ಕರೆಯುವುದುಂಟು. ವಯಸ್ಕನ ಯಕೃತ್ತಿನಲ್ಲಿ ಊಟದ ಅನಂತರ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಒಟ್ಟಾಗಿ 400 ಗ್ರಾಮಿನಷ್ಟು ಇರುತ್ತದೆ. ಮಾಂಸಖಂಡದ ದಾಸ್ತಾನು ದೊಡ್ಡದಾದರೂ ಅದು ಅಲ್ಲಿಯೇ ಖರ್ಚಾಗತಕ್ಕದ್ದು. ರಕ್ತಕ್ಕೆ ಸಕ್ಕರೆಯನ್ನು ಬಿಡುವ ಕಿಣ್ವ ಅಲ್ಲಿಲ್ಲ. ಉಪವಾಸದ ರಾತ್ರಿಯಲ್ಲಿ ಮೆದುಳಿಗೆ ಸಕ್ಕರೆಯನ್ನು ಒದಗಿಸುವ ದಾಸ್ತಾನೆಂದರೆ ಯಕೃತ್ತಿನ ಆ ನೂರು ಗ್ರಾಂ ಮಾತ್ರ. ಗ್ಲೈಕೋಜನ್ ತನ್ನ ತೂಕದ ಸುಮಾರು ಮೂರು ಪಾಲು ನೀರನ್ನೂ ಹಿಡಿದುಕೊಂಡಿರುತ್ತದೆ. ಮೊದಲ ದಿನದ ಉಪವಾಸದಲ್ಲಿಯೇ ದೇಹದ ತೂಕ ಥಟ್ಟನೆ ಇಳಿಯುವುದಕ್ಕೆ ಈ ನೀರೂ ಒಂದು ಕಾರಣ.

1973ರಲ್ಲಿ ಸ್ವೀಡನ್ ದೇಶದ ನಿಲ್ಸನ್ ಮತ್ತು ಹುಲ್ಟ್‌ಮನ್ ಎಂಬ ಸಂಶೋಧಕರು, ಸ್ವ ಇಚ್ಛೆಯಿಂದ ಮುಂದೆ ಬಂದ ಆರೋಗ್ಯವಂತರ ಯಕೃತ್ತಿನಿಂದ ಸೂಜಿಯ ಮೂಲಕ ಎಳೆಯಷ್ಟು ಅಂಗಾಂಶವನ್ನು ತೆಗೆದು ಅಳೆದರು. ಒಂದು ದಿನದ ನಿರಾಹಾರದಲ್ಲಿ ದಾಸ್ತಾನಿನ ಬಹುಪಾಲು ಕರಗಿಹೋಗಿತ್ತು. ಪಿಷ್ಟಾಹಾರವನ್ನು ಮತ್ತೆ ಕೊಟ್ಟಾಗ ಬೇಗನೆ ತುಂಬಿಕೊಂಡಿತು. ದಾಸ್ತಾನು ಬರಿದಾದ ಮೇಲೆ ಶರೀರವು ಕೊಬ್ಬನ್ನು ಉರಿಸುತ್ತದೆ. ಯಕೃತ್ತು ಲ್ಯಾಕ್ಟಿಕ್ ಆಮ್ಲ, ಗ್ಲಿಸರಾಲ್ ಮತ್ತು ಪ್ರೋಟೀನಿನ ಘಟಕಗಳಿಂದ ಹೊಸದಾಗಿ ಸಕ್ಕರೆಯನ್ನು ತಯಾರಿಸುತ್ತದೆ. ಪ್ರೋಷಧದ ಎರಡನೆಯ ದಿನ ತಲೆ ಹಗುರವಾದಂತೆ ತೋರುವುದನ್ನು ಅನುಭವಿಗಳು ಬಲ್ಲರು. ಆರೋಗ್ಯವಂತರ ಸಂಗತಿ ಇಷ್ಟು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಈ ಲೆಕ್ಕವನ್ನು ತಮಗೆ ಅನ್ವಯಿಸಿಕೊಳ್ಳಬಾರದು.

ಇನ್ನು ಕಸಬಿನ ಮಾತಿಗೆ ಬರುತ್ತೇನೆ. ಎಷ್ಟಿದೆ ಎಂಬುದನ್ನು ರಸಾಯನಶಾಸ್ತ್ರ ಅಳೆದು ಹೇಳುತ್ತದೆ. ಯಾವ ಜೀವಕೋಶದಲ್ಲಿದೆ, ಯಾವ ರೂಪದಲ್ಲಿದೆ ಎಂಬುದು ತಿಳಿಯಬೇಕಾದರೆ ಅಂಗಾಂಶವನ್ನು ತೆಳುವಾಗಿ ಕತ್ತರಿಸಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗ್ಲೈಕೋಜನ್ನಿಗೆ ತನ್ನದೆಂಬ ಬಣ್ಣವಿಲ್ಲ. ಇದಕ್ಕಿಂತ ದೊಡ್ಡ ತೊಡಕೆಂದರೆ, ಅದು ನೀರಿನಲ್ಲಿ ಕರಗುತ್ತದೆ. ಯಕೃತ್ತಿನೊಳಗಿನ ಕಿಣ್ವಗಳೇ ಅದನ್ನು ಒಡೆಯುತ್ತವೆ. ಶರೀರದಿಂದ ಹೊರಟ ವಸ್ತು ಗಾಜಿನ ಫಲಕದವರೆಗೆ ಬಂದು ತಲುಪುವುದೇ ದುಸ್ತರ.

ವಿಚಿತ್ರವೆಂದರೆ, ಈ ತೊಡಕಿನಿಂದಲೇ ಈ ವಸ್ತುವಿನ ಶೋಧನೆಯೂ ಆಯಿತು. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1855ರಲ್ಲಿ ಒಂದು ಪ್ರಾಣಿಯ ಯಕೃತ್ತನ್ನು ನೀರು ಹಾಯಿಸಿ, ಸಕ್ಕರೆಯ ಲೇಶವೂ ಬಾರದಷ್ಟು ತೊಳೆದು ಇರಿಸಿದರು. ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ! ಸಕ್ಕರೆಯನ್ನು ಬಿಟ್ಟುಕೊಡುವ ಯಾವುದೋ ಒಂದು ಪದಾರ್ಥ ಯಕೃತ್ತಿನಲ್ಲಿ ಅಡಗಿದೆಯೆಂದು ಅವರು ಊಹಿಸಿ, 1857ರಲ್ಲಿ ಅದನ್ನು ಬೇರ್ಪಡಿಸಿದರು. ಬರ್ನಾರ್ಡರಿಗೆ ಕೀರ್ತಿ ತಂದ ಆ ವಿಘಟನೆ ನಮ್ಮಂಥ ತಂತ್ರಜ್ಞರಿಗೆ ನಿತ್ಯದ ಶತ್ರು. ಮೇಜಿನ ಮೇಲೆ ಮರೆತಿಟ್ಟ ಅಂಗಾಂಶದಲ್ಲಿ ಗ್ಲೈಕೋಜನ್ ತಾನಾಗಿಯೇ ಸಕ್ಕರೆಯಾಗಿ ಹರಿದುಹೋಗುತ್ತದೆ.

ಮೊದಲಿಗೆ ಬಳಕೆಗೆ ಬಂದುದು ಅಯೊಡಿನ್. ಕುಚ್ಚಲಕ್ಕಿ ಗಂಜಿಯ ತಿಳಿಗೆ ಒಂದು ತೊಟ್ಟು ಅಯೊಡಿನ್ ಹಾಕಿದರೆ ನೀಲಿ ಬಣ್ಣ ಬರುವುದನ್ನು ಶಾಲೆಯ ಮಕ್ಕಳೂ ನೋಡಿರುತ್ತಾರೆ. ಗ್ಲೈಕೋಜನ್ನಿಗೆ ಅದು ನೀಲಿಯಲ್ಲ, ಕೆಂಗಂದು ಬಣ್ಣ ಕೊಡುತ್ತದೆ. ಸುಲಭವಾದ ವಿಧಾನ, ಆದರೆ ಬಣ್ಣ ನಿಲ್ಲದು. ಗರ್ಭಕೊರಳಿನ ಪರೀಕ್ಷೆಯಲ್ಲಿ ಇದು ಇಂದಿಗೂ ಉಪಯೋಗದಲ್ಲಿದೆ: ಆರೋಗ್ಯವಾದ ಪೊರೆಯಲ್ಲಿ ಗ್ಲೈಕೋಜನ್ ಇರುವುದರಿಂದ ಅದು ಕಂದಾಗುತ್ತದೆ, ರೋಗದ ಶಂಕೆಯಿರುವ ಜಾಗ ಬಣ್ಣ ಹಿಡಿಯದೆ ಹಳದಿಯಾಗಿ ಉಳಿಯುತ್ತದೆ. ನಮ್ಮ ಮನೆಗಳ ಹೆಂಗಸರು ಸಂಕೋಚದಿಂದ ಈ ಪರೀಕ್ಷೆಯನ್ನು ಮುಂದೂಡಬಾರದೆಂದು ಪ್ರಸಂಗವಶಾತ್ ಹೇಳಿಬಿಡುತ್ತೇನೆ.

1906ರಲ್ಲಿ ಬೆಸ್ಟ್ ಎಂಬವರು ಕಾರ್ಮೈನ್ ಬಣ್ಣವನ್ನು ಉಪಯೋಗಿಸುವ ಕ್ರಮವನ್ನು ಪ್ರಕಟಿಸಿದರು. ಗ್ಲೈಕೋಜನ್ ಅಚ್ಚಗೆಂಪಾಗಿ ಮೂಡುವ ಈ ವಿಧಾನವನ್ನು ಬಹುಕಾಲ ಪ್ರಯೋಗಾಲಯಗಳು ನೆಚ್ಚಿಕೊಂಡವು. ಕಾರ್ಮೈನ್ ಎಂದರೇನೆಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ತಿಳಿದಿರಲಿಲ್ಲ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಕೀಟಗಳನ್ನು ಒಣಗಿಸಿ ತೆಗೆಯುವ ಬಣ್ಣ ಅದು. ಸ್ವಲ್ಪ ಬಣ್ಣಕ್ಕೆ ಸಾವಿರಾರು ಜೀವಗಳು ಬೇಕು. ತಿಳಿದ ದಿನ ಆ ಸೀಸೆಯನ್ನು ಮುಟ್ಟಲು ಕೈ ಹಿಂಜರಿಯಿತು, ಆದರೆ ರೋಗಿಯ ಫಲಕ ಕಾಯುತ್ತಿತ್ತು. (ಆಹಾರಪದಾರ್ಥಗಳ ಕೆಂಪು ಬಣ್ಣಕ್ಕೂ ಇದು ಬಳಕೆಯಲ್ಲಿದೆ, ಪೊಟ್ಟಣದ ಮೇಲೆ 120 ಎಂಬ ಸಂಖ್ಯೆಯಿಂದ ಸೂಚಿತವಾಗಿರುತ್ತದೆ. ಓದಿ ಕೊಳ್ಳುವುದು ಒಳ್ಳೆಯದು.) ಬೆಸ್ಟರ ಕ್ರಮ ಹಿಂದೆ ಸರಿದುದು ನಮ್ಮಂಥವರ ಹಿಂಜರಿಕೆಯಿಂದಲ್ಲ. ಅದರ ದ್ರಾವಣ ಬೇಗ ಕೆಡುತ್ತಿತ್ತು, ಕೈಯಿಂದ ಕೈಗೆ ಫಲ ಬದಲಾಗುತ್ತಿತ್ತು, ಬಣ್ಣ ಹಿಡಿಯುವ ಕಾರಣವೂ ಸ್ಪಷ್ಟವಿರಲಿಲ್ಲ.

ಕಾರಣ ಸ್ಪಷ್ಟವಾಗಿ ಗೊತ್ತಿರುವ ವಿಧಾನ ಬಂದುದು 1946ರಲ್ಲಿ, ಮ್ಯಾಕ್‌ಮ್ಯಾನಸ್ ಎಂಬವರ ಕೈಯಿಂದ. ಹಾಚ್‌ಕಿಸ್ ಮತ್ತು ಲಿಲ್ಲಿ ಎಂಬವರೂ ಅದೇ ಕಾಲದಲ್ಲಿ ಇದೇ ಮಾರ್ಗದಲ್ಲಿದ್ದರು. ಪೆರಿಯಾಡಿಕ್ ಆಮ್ಲ ಮತ್ತು ಷಿಫ್ ದ್ರವಗಳನ್ನು ಬಳಸುವುದರಿಂದ ಇದಕ್ಕೆ ಪಿ.ಎ.ಎಸ್. ಎಂದು ಹೆಸರು. ಸಕ್ಕರೆಯ ಸರಪಳಿಯಲ್ಲಿ ಅಕ್ಕಪಕ್ಕದ ಎರಡು ಇಂಗಾಲಗಳ ನಡುವಿನ ಕೊಂಡಿಯನ್ನು ಪೆರಿಯಾಡಿಕ್ ಆಮ್ಲವು ಬಿಡಿಸುತ್ತದೆ. ಬಿಡಿಸಿದ ತುದಿಗಳಲ್ಲಿ ಆಲ್ಡಿಹೈಡ್ ಉಂಟಾಗುತ್ತದೆ. ಷಿಫ್ ದ್ರವವೆಂಬುದು ಬಣ್ಣ ಕಳೆದ ಫುಕ್ಸಿನ್. ನೋಡಲು ತಿಳಿನೀರು ಅಥವಾ ನಸುಹಳದಿ. ಆಲ್ಡಿಹೈಡ್ ಸಿಕ್ಕಿದಲ್ಲಿ ಅದು ಅಂಟಿಕೊಂಡು ಕೆನ್ನೇರಳೆಯಾಗುತ್ತದೆ. ಫುಕ್ಸಿನ್ ಕಲ್ಲಿದ್ದಲ ಡಾಂಬರಿನ ವಂಶದ ಕೃತಕ ಬಣ್ಣ. ಜೀವಕೇಂದ್ರಗಳನ್ನು ನೀಲಿಯಾಗಿಸಲು ಕೊನೆಯಲ್ಲಿ ಹಚ್ಚುವ ಹೆಮಟಾಕ್ಸಿಲಿನ್ ಒಂದು ಮರದ ಚೇಗಿನಿಂದ ಬಂದುದು. ಕೀಟಗಳ ಅವಶ್ಯಕತೆ ಇಲ್ಲಿಗೆ ತೀರಿತು.

ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ: ಮೇಣದಲ್ಲಿ ಹುದುಗಿಸಿದ ಅಂಗಾಂಶವನ್ನು ಒಂದು ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲಿನಷ್ಟು ತೆಳುವಾಗಿ ಕೊಯ್ದು, ಮೇಣವನ್ನು ತೆಗೆದು, ಶೇಕಡಾ 1ರ ಪೆರಿಯಾಡಿಕ್ ಆಮ್ಲದಲ್ಲಿ ಐದರಿಂದ ಹತ್ತು ನಿಮಿಷ, ತೊಳೆದು ಷಿಫ್ ದ್ರವದಲ್ಲಿ ಹದಿನೈದು ನಿಮಿಷ, ಆಮೇಲೆ ಹರಿಯುವ ನೀರಿನಲ್ಲಿ ಹತ್ತು ನಿಮಿಷ. ಬಣ್ಣ ಗಾಢವಾಗುವುದು ನೀರಿನಲ್ಲಿಯೇ. ಅವಸರ ಮಾಡಿದವನಿಗೆ ಪೇಲವವಾದ ಫಲಕ ಸಿಗುತ್ತದೆ. ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಬೇಡದ ಪದಾರ್ಥಗಳೂ ಬಣ್ಣ ಹಿಡಿಯುತ್ತವೆ. ಷಿಫ್ ದ್ರವ ನಮ್ಮ ಕರಾವಳಿಯ ಸೆಕೆಗೆ ಬೇಗ ಕೆಡುವ ವಸ್ತು. ಕಪ್ಪು ಸೀಸೆಯಲ್ಲಿ ತಣ್ಣಗೆ ಇಡಬೇಕು. ದಿನದ ಕೆಲಸಕ್ಕೆ ಮುನ್ನ ಫಾರ್ಮಲಿನ್ನಿಗೆ ಅದರ ಕೆಲವು ತೊಟ್ಟು ಹಾಕಿ ನೋಡಬೇಕು. ಥಟ್ಟನೆ ಕೆನ್ನೇರಳೆಯಾದರೆ ಸರಿ, ತಡವಾಗಿ ನೀಲಿಛಾಯೆಗೆ ತಿರುಗಿದರೆ ಚೆಲ್ಲತಕ್ಕದ್ದು.

ಪಿ.ಎ.ಎಸ್.ಗೆ ಒಂದು ದೋಷವಿದೆ. ಅದು ಗ್ಲೈಕೋಜನ್ನನ್ನು ಮಾತ್ರವಲ್ಲ, ಲೋಳೆ ಮೊದಲಾದ ಸಕ್ಕರೆಗೂಡಿದ ಅನ್ಯ ಪದಾರ್ಥಗಳನ್ನೂ ಬಣ್ಣಗೊಳಿಸುತ್ತದೆ. ಆದುದರಿಂದ ಜೋಡಿ ಫಲಕಗಳನ್ನು ಮಾಡಬೇಕು. ಒಂದನ್ನು ಹಾಗೆಯೇ, ಇನ್ನೊಂದನ್ನು ಮೊದಲು ಡಯಾಸ್ಟೇಸ್ ಎಂಬ ಕಿಣ್ವದಲ್ಲಿ 37 ಡಿಗ್ರಿ ಶಾಖದಲ್ಲಿಟ್ಟು ಅನಂತರ ಬಣ್ಣ ಹಚ್ಚಬೇಕು. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಮಾಯವಾದ ಬಣ್ಣ ಯಾವುದೋ ಅದು ಗ್ಲೈಕೋಜನ್. ಮೊಳಕೆಯ ಬಾರ್ಲಿಯಿಂದ ತೆಗೆದ ಡಯಾಸ್ಟೇಸ್ ತೀರಿಹೋದ ದಿನ ನಮ್ಮ ಹಿರಿಯ ತಂತ್ರಜ್ಞರು ಬಾಯಿಯ ಜೊಲ್ಲನ್ನೇ ಫಲಕಕ್ಕೆ ಹಾಕುತ್ತಿದ್ದುದುಂಟು. ಅವಲಕ್ಕಿಯನ್ನು ಜಗಿಯುತ್ತಾ ಹೋದಂತೆ ಸಿಹಿಯಾಗುವುದು ಅದೇ ಜಾತಿಯ ಕಿಣ್ವದ ಕೆಲಸ. ಈ ಜೋಡಿ ಫಲಕವಿಲ್ಲದ ವರದಿಯನ್ನು ನಾನು ಅರ್ಧ ವರದಿಯೆಂದೇ ಎಣಿಸುತ್ತೇನೆ.

ಬಣ್ಣದ ಸುಧಾರಣೆ ಎಷ್ಟಾದರೂ, ಬಣ್ಣ ಹಚ್ಚುವ ಮೊದಲೇ ವಸ್ತು ಕರಗಿಹೋಗಿದ್ದರೆ ಫಲವೇನು? ನನ್ನ ದೃಷ್ಟಿಯಲ್ಲಿ ಈ ಶಾಸ್ತ್ರದ ನಿಜವಾದ ಪ್ರಗತಿ ಸ್ಥಿರೀಕರಣದಲ್ಲಿ ಆಗಿದೆ, ಅಂದರೆ ಅಂಗಾಂಶವನ್ನು ಇದ್ದ ಸ್ಥಿತಿಯಲ್ಲಿ ನಿಲ್ಲಿಸುವ ಕಲೆಯಲ್ಲಿ. ಗ್ಲೈಕೋಜನ್ ನೀರಿನಲ್ಲಿ ಕರಗುತ್ತದೆ, ಮದ್ಯಸಾರದಲ್ಲಿ ಕರಗದು. ಆದುದರಿಂದ ಹಳಬರು ಶುದ್ಧ ಮದ್ಯಸಾರವನ್ನು, ಆಮೇಲೆ ಮದ್ಯಸಾರದಲ್ಲಿ ಪಿಕ್ರಿಕ್ ಆಮ್ಲ, ಫಾರ್ಮಲಿನ್, ಅಸಿಟಿಕ್ ಆಮ್ಲಗಳನ್ನು ಬೆರೆಸಿದ ಜಾಂದ್ರ್ ದ್ರವವನ್ನು ಬಳಸಿದರು. ನೀರು ಬೆರೆತ ಫಾರ್ಮಲಿನ್ ಎಲ್ಲವನ್ನೂ ತೊಳೆದುಬಿಡುತ್ತದೆಂದು ನಮಗೆ ಕಲಿಸಿದ್ದರು. ಅದು ಪೂರ್ತಿ ಸತ್ಯವಲ್ಲ. ತಡಮಾಡದೆ ಹಾಕಿದಲ್ಲಿ ಫಾರ್ಮಲಿನ್ನು ಪ್ರೋಟೀನುಗಳನ್ನು ಬಲೆಯಾಗಿ ಹೆಣೆಯುತ್ತದೆ, ಆ ಬಲೆಯಲ್ಲಿ ಗ್ಲೈಕೋಜನ್ನಿನ ಬಹುಭಾಗ ಸಿಕ್ಕಿ ಉಳಿಯುತ್ತದೆ. ಕೆಡಿಸುವುದು ಫಾರ್ಮಲಿನ್ನಿಗಿಂತ ಹೆಚ್ಚಾಗಿ ವಿಳಂಬ.

ಮದ್ಯಸಾರಕ್ಕೂ ಒಂದು ದುರ್ಗುಣವಿದೆ. ಅದು ಒಂದು ಕಡೆಯಿಂದ ನುಗ್ಗುವಾಗ ಗ್ಲೈಕೋಜನ್ನನ್ನು ಮುಂದಕ್ಕೆ ತಳ್ಳುತ್ತಾ ಹೋಗುತ್ತದೆ. ಗೆರಸೆಯಲ್ಲಿ ಕೇರಿದ ಅಕ್ಕಿ ಒಂದು ಅಂಚಿಗೆ ಸರಿದು ನಿಂತಂತೆ, ಪ್ರತಿಯೊಂದು ಜೀವಕೋಶದಲ್ಲಿಯೂ ಬಣ್ಣ ಒಂದೇ ಪಕ್ಕಕ್ಕೆ ಒತ್ತರಿಸಿ ಕಾಣುತ್ತದೆ. ಅದು ದೇಹದಲ್ಲಿದ್ದ ಸ್ಥಿತಿಯಲ್ಲ, ಸೀಸೆಯಲ್ಲಿ ಉಂಟಾದ ಸ್ಥಿತಿ. ದ್ರವವನ್ನು ಮಂಜುಗಡ್ಡೆಯ ತಂಪಿನಲ್ಲಿಟ್ಟು, ಅಂಗಾಂಶವನ್ನು ಎರಡು ಮೂರು ಮಿಲಿಮೀಟರಿಗಿಂತ ದಪ್ಪವಿಲ್ಲದಂತೆ ಕೊಯ್ದರೆ ಈ ದೋಷ ಕಡಿಮೆಯಾಗುತ್ತದೆ. ದ್ರವ ಸಾರಜನಕದಲ್ಲಿ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿಸಿ ಶೀತದಲ್ಲಿಯೇ ಒಣಗಿಸಿದರೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಕೊಯ್ದ ಪದರದ ಮೇಲೆ ಸೆಲ್ಲೊಯ್ಡಿನ್ನಿನ ತೆಳು ಪೊರೆ ಹರಡಿ ನೀರಿನ ದ್ರಾವಣಗಳಿಂದ ಕಾಯುವುದೂ ಇನ್ನೊಂದು ಉಪಾಯ.

ಇಷ್ಟೆಲ್ಲ ನನಗೆ ಕೆಲಸದ ಪಾಠವಾಗಿತ್ತು. ಅದು ಮನೆಯ ಪಾಠವಾದುದು ಕೆಲವು ವರ್ಷಗಳ ಹಿಂದೆ. ನಮ್ಮದು ಅಳಿಯಸಂತಾನದ ಮನೆ. ತಂಗಿಯ ಮಗಳ ಕಷ್ಟಸುಖಕ್ಕೆ ಸೋದರಮಾವನಾದ ನಾನು ಹೊಣೆ. ಅವಳ ನಾಲ್ಕು ವರ್ಷದ ಮಗುವಿಗೆ ಹೊಟ್ಟೆ ಉಬ್ಬಿಕೊಂಡಿತ್ತು. ಬೆಳಗ್ಗೆ ಏಳುವಾಗ ಬೆವರು, ನಡುಕ. ಏನಾದರೂ ಉಣಿಸಿದರೆ ಚೇತರಿಕೆ. ಯಕೃತ್ತು ಹೊಕ್ಕುಳದವರೆಗೆ ಕೈಗೆ ಸಿಗುತ್ತಿತ್ತು. ಗ್ಲೈಕೋಜನ್ ಶೇಖರಣೆಯ ರೋಗವಿರಬಹುದೆಂದು ಮಕ್ಕಳ ವೈದ್ಯರು ಶಂಕಿಸಿದರು. ಈ ರೋಗದ ಒಂದು ಬಗೆಯನ್ನು 1929ರಲ್ಲಿ ಜರ್ಮನಿಯ ಫಾನ್ ಗೀರ್ಕೆ ವರ್ಣಿಸಿದ್ದರು. ಕೊನೆಯ ಹಂತದಲ್ಲಿ ಸಕ್ಕರೆಯನ್ನು ರಕ್ತಕ್ಕೆ ಬಿಡುವ ಕಿಣ್ವದ ಕೊರತೆಯೇ ಅದರ ಮೂಲವೆಂದು ಕೋರಿ ದಂಪತಿಗಳು 1952ರಲ್ಲಿ ತೋರಿಸಿದರು. ಕಣಜ ತುಂಬಿದೆ, ಬಾಗಿಲು ಮಾತ್ರ ತೆರೆಯದು. ಆ ಮಗುವಿಗೆ ಒಂದು ರಾತ್ರಿಯ ನಿರಾಹಾರವೂ ಪ್ರಾಣಾಪಾಯ.

ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಸೂಜಿಯಿಂದ ಯಕೃತ್ತಿನ ಎರಡು ಎಳೆಗಳನ್ನು ತೆಗೆದರು. ಮೊದಲನೆಯ ಎಳೆಯನ್ನು, ಫಾರ್ಮಲಿನ್ ಕೈಗೆ ಸಿಗದ್ದರಿಂದ, ಉಪ್ಪುನೀರಿನ ಸೀಸೆಗೆ ಹಾಕಿಬಿಟ್ಟಿದ್ದರು. ಹೊರಗೆ ನಿಂತಿದ್ದ ತಂಗಿಯ ಮಗಳು ಬಂದು, “ಮಾವ, ಯಾವ ನೀರಿಗೆ ಹಾಕಿದ್ದಾರೆಂದು ನೀವು ಒಮ್ಮೆ ಕೇಳುತ್ತೀರಾ?” ಎಂದಳು. ಅಭ್ಯಾಸಬಲದಿಂದ ನಾನು ಮಂಜುಗಡ್ಡೆಯ ಡಬ್ಬಿಯಲ್ಲಿ ಶುದ್ಧ ಮದ್ಯಸಾರದ ಸೀಸೆಯೊಂದನ್ನು ತಂದಿದ್ದೆ. ವಿನಂತಿಸಿಕೊಂಡ ಮೇಲೆ ಎರಡನೆಯ ಎಳೆ ಅದಕ್ಕೆ ಬಿತ್ತು. ಎರಡೂ ಸೀಸೆಗಳು ಒಂದೇ ಚೀಲದಲ್ಲಿ, ಒಂದೇ ಬಸ್ಸಿನಲ್ಲಿ ಮಂಗಳೂರಿಗೆ ಹೋದವು.

ಮೊದಲು ಬಂದ ವರದಿಯಲ್ಲಿ, ಜೀವಕೋಶಗಳು ಊದಿಕೊಂಡಿವೆ, ಗ್ಲೈಕೋಜನ್ ಗಣನೀಯವಾಗಿಲ್ಲ ಎಂದಿತ್ತು. ಅದು ಉಪ್ಪುನೀರಿನ ಎಳೆಯದು. ಮನೆಯಲ್ಲಿ ಎಲ್ಲರಿಗೂ ನಿರಾಳವಾಯಿತು. ನನ್ನ ತಂಗಿಯಂತೂ ಆ ಸಂಜೆಯೇ ಬಸದಿಗೆ ಹೋಗಿ ಬಂದಳು. ಮೂರು ದಿನಗಳ ಅನಂತರ ಎರಡನೆಯದು ಬಂದಿತು: ಜೀವಕೋಶಗಳ ತುಂಬ ಕೆನ್ನೇರಳೆ, ಡಯಾಸ್ಟೇಸಿನ ಜೋಡಿ ಫಲಕದಲ್ಲಿ ಅದೆಲ್ಲ ಬರಿದು, ಜೊತೆಗೆ ಕೊಬ್ಬಿನ ಹನಿಗಳು. ಒಂದೇ ಮಗು, ಒಂದೇ ಯಕೃತ್ತು, ಒಂದೇ ಗಳಿಗೆ. ಎರಡೂ ಫಲಕಗಳನ್ನು ನಾನೇ ಹೋಗಿ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಮೊದಲನೆಯದರಲ್ಲಿ ಕಂಡುದು ಮಗುವಿನ ಶರೀರದ ಅಭಾವವಲ್ಲ, ಸೀಸೆಯ ಅಭಾವ.

ಎರಡನೆಯ ಫಲಕವನ್ನೂ ಕಣ್ಣು ಮುಚ್ಚಿ ನಂಬತಕ್ಕದ್ದಲ್ಲ. ಪರೀಕ್ಷೆಗೆ ಮುನ್ನ ಮಗುವಿಗೆ ರಾತ್ರಿಯಿಡೀ ಗ್ಲೂಕೋಸ್ ಹನಿ ಹಾಕಿದ್ದರು. ಆ ಸ್ಥಿತಿಯಲ್ಲಿ ಆರೋಗ್ಯವಂತ ಯಕೃತ್ತೂ ದಾಸ್ತಾನು ಕೂಡಿಸುತ್ತದೆ. ಕಡೆಯ ಆಹಾರದ ವೇಳೆ, ಹನಿ ಹಾಕಿದ ವಿವರ, ಸೀಸೆಯ ದ್ರವ, ಅದಕ್ಕೆ ಹಾಕಿದ ಗಂಟೆ ಇವು ಬರೆದಿರದ ಚೀಟಿಯೊಂದಿಗೆ ಬಂದ ಎಳೆಯಿಂದ ಯಾವ ನಿರ್ಣಯವನ್ನೂ ಮಾಡಲಾಗದು. ಊದಿದ ಜೀವಕೋಶ, ಕೊಬ್ಬು, ಬೆಳಗಿನ ರಕ್ತದ ಸಕ್ಕರೆಯ ಕುಸಿತ ಇವನ್ನೆಲ್ಲ ಕೂಡಿಸಿ ನೋಡಿದ ವೈದ್ಯರು ಚಿಕಿತ್ಸೆ ಆರಂಭಿಸಿದರು. ಅನಂತರ ರಕ್ತದ ವಂಶವಾಹಿ ಪರೀಕ್ಷೆಯಿಂದ ರೋಗ ಖಚಿತವಾಯಿತು. ಇಂದು ಇಂಥ ಮಕ್ಕಳಲ್ಲಿ ಆ ಪರೀಕ್ಷೆಯನ್ನೇ ಮೊದಲು ಮಾಡಿಸುವ ವಾಡಿಕೆ ಬಂದಿದೆ. ಸೂಜಿಯ ಅವಶ್ಯಕತೆ ಬಹಳ ಕಡಿಮೆಯಾಗಿದೆ. 1991ರಲ್ಲಿ ಅಮೆರಿಕದ ಸಂಶೋಧಕರು ಚರ್ಮವನ್ನೂ ಚುಚ್ಚದೆ, ಕಾಂತೀಯ ಅನುರಣನದಿಂದಲೇ ಉಪವಾಸದಲ್ಲಿರುವವರ ಯಕೃತ್ತಿನ ಗ್ಲೈಕೋಜನ್ನನ್ನು ಕೆಲವು ಗಂಟೆಗಳಿಗೊಮ್ಮೆ ಅಳೆದು ತೋರಿಸಿದ್ದಾರೆ. ಆದರೂ ಕಾರಣ ತಿಳಿಯದ ಯಕೃತ್ತಿನ ರೋಗಗಳಲ್ಲಿ ಪಿ.ಎ.ಎಸ್. ಫಲಕ ಈಗಲೂ ದಿನನಿತ್ಯದ ಕೆಲಸ.

ಚಿಕಿತ್ಸೆಯೆಂದರೆ ಆಹಾರವೇ. ಮೆಕ್ಕೆಜೋಳದ ಹಸಿ ಪಿಷ್ಟವನ್ನು ಬೇಯಿಸದೆ ತಣ್ಣೀರಿನಲ್ಲಿ ಕದಡಿ, ಹಗಲೂ ರಾತ್ರಿಯೂ ಗೊತ್ತಾದ ಗಂಟೆಗೆ ಕುಡಿಸಬೇಕು. ಬೇಯಿಸಿದರೆ ಬೇಗ ಜೀರ್ಣವಾಗಿಬಿಡುತ್ತದೆ. ಹಸಿಯಾದುದು ನಿಧಾನವಾಗಿ, ಗಂಟೆಗಟ್ಟಲೆ ಸಕ್ಕರೆಯನ್ನು ಬಿಡುತ್ತಾ ಇರುತ್ತದೆ. 1984ರಲ್ಲಿ ಇದು ಪ್ರಕಟವಾಗುವ ಮೊದಲು ಅನೇಕ ಮಕ್ಕಳಿಗೆ ರಾತ್ರಿಯಿಡೀ ಮೂಗಿನ ನಳಿಕೆಯೇ ಗತಿಯಾಗಿತ್ತು. ಪ್ರಮಾಣವನ್ನು ವೈದ್ಯರೇ ಹೇಳಬೇಕು.

ನಮ್ಮ ಮನೆಯಲ್ಲಿ ಇದರಿಂದ ಬೇರೊಂದು ತೊಡಕು ಎದುರಾಯಿತು. ತಂಗಿ ಅನಸ್ತಮಿತ ವ್ರತವನ್ನು ಚಿಕ್ಕಂದಿನಿಂದ ಪಾಲಿಸಿದವಳು. ಆ ಅಡುಗೆಮನೆಯಲ್ಲಿ ಸೂರ್ಯಾಸ್ತದ ಮೇಲೆ ಪಾತ್ರೆಯ ಸದ್ದು ಕೇಳಿದ್ದಿಲ್ಲ. ಈಗ ರಾತ್ರಿ ಎರಡು ಗಂಟೆಗೆ ಲೋಟದಲ್ಲಿ ಹಿಟ್ಟು ಕದಡಬೇಕು. ಮಗಳು ಕೇಳಲು ಹೆದರಿದಳು. ನಾನು ಹೇಳಲು ಮಾತು ಹುಡುಕುತ್ತಿದ್ದೆ. ತಂಗಿಯೇ, “ಎಂಟು ತುಂಬದ ಮಗುವಿಗೆ ಎಂಥ ವ್ರತ ಅಣ್ಣ, ಗಡಿಯಾರ ನನ್ನ ತಲೆಯ ಹತ್ತಿರ ಇಡು” ಎಂದಳು. ಷೋಡಶಭಾವನೆಗಳಲ್ಲಿ ತಪಸ್ಸಿಗೆ ಶಕ್ತಿತಸ್ತಪವೆಂದು, ಅವರವರ ಶಕ್ತಿಯ ಅಳತೆ ಹಾಕಿಯೇ ಹೆಸರಿಟ್ಟಿರುವುದನ್ನು ಆಮೇಲೆ ಅವಳೇ ನನಗೆ ನೆನಪಿಸಿದಳು.

ಹುಡುಗಿಗೆ ಈಗ ಹನ್ನೊಂದು ವರ್ಷ. ದಶಲಕ್ಷಣ ಪರ್ವದಲ್ಲಿ ಓರಗೆಯವರೆಲ್ಲ ಏಕಾಶನ ಮಾಡುವುದನ್ನು ಕಂಡು ತನಗೂ ಏನಾದರೂ ನಿಯಮ ಬೇಕೆಂದು ಕಳೆದ ವರ್ಷ ಹಟ ಹಿಡಿದಳು. ಅನಶನ ಅವಳಿಗಿಲ್ಲ, ಅವಮೌದರ್ಯವೂ ಇಲ್ಲ. ರಸತ್ಯಾಗವನ್ನು ಯೋಚಿಸಿದರೆ, ಹಾಲು, ಮೊಸರು, ಬೆಲ್ಲಗಳನ್ನು ವೈದ್ಯರು ಆಗಲೇ ಬಿಡಿಸಿದ್ದಾರೆ. ಅಜ್ಜಿ ಮೊಮ್ಮಗಳು ಕುಳಿತು ಲೆಕ್ಕ ಹಾಕಿದರು, ವೈದ್ಯರನ್ನೂ ಕೇಳಿದರು. ಕೊನೆಗೆ ಚತುರ್ದಶಿಯ ದಿನ ಉಪ್ಪನ್ನು ಬಿಟ್ಟಳು. ಸಪ್ಪೆ ಗಂಜಿಯನ್ನು ಮುಖ ಹುಳಿ ಮಾಡಿಕೊಂಡು ಉಂಡು, ರಾತ್ರಿ ಎರಡು ಗಂಟೆಗೆ ಎದ್ದು ತನ್ನ ಲೋಟವನ್ನು ತಾನೇ ಕದಡಿಕೊಂಡಳು.